ಮರವನ್ನು ತಿನ್ನದ ಹೂವು

ನಿಮ್ಮ ಹಿತ್ತಲಲ್ಲಿ ಮಾವಿನ ಮರ ಇದೆಯೇ? ಇದ್ದರೆ ಈ ಗೋಳು ನಿಮಗೂ ಗೊತ್ತಿರುತ್ತದೆ. ಒಂದು ವರ್ಷ ಕೊಂಬೆ ಬಗ್ಗುವಷ್ಟು ಕಾಯಿ. ಮರುವರ್ಷ ಅದರ ಅರ್ಧ. ಅದರ ಮರುವರ್ಷ ಮನೆಯ ಉಪ್ಪಿನಕಾಯಿಗೂ ಸಾಲದು. ಆಗ ದೃಷ್ಟಿ ತಾಕಿತು ಅನ್ನುವವರು ಒಬ್ಬರು, ಬುಡಕ್ಕೆ ಗೊಬ್ಬರ ಸಾಲಲಿಲ್ಲ ಅನ್ನುವವರು ಇನ್ನೊಬ್ಬರು. ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಮರದ ಮೇಲೆ ಏನಿದೆ ಎಂದು ತಲೆಯೆತ್ತಿ ನೋಡುವವರು ಮಾತ್ರ ಯಾರೂ ಇಲ್ಲ.

ಪುಟ್ಟೇನಹಳ್ಳಿಯ ಸೊಣ್ಣಮ್ಮನ ಮನೆಯಲ್ಲೂ ಹೀಗೇ ಆಯಿತು. ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯ ಮಾತು. ಕೆರೆ ಏರಿಯ ಕೆಳಗೆ ಅವಳ ಮನೆ, ಮನೆಯ ಹಿಂದೆ ಮರ. ಮಗಳು ಗೌರಿ ಹುಟ್ಟಿದ ವರ್ಷ ಸೊಣ್ಣಮ್ಮನ ಅತ್ತೆ ಓಟೆ ನೆಟ್ಟು ಬೆಳೆಸಿದ್ದು. ಹುಡುಗಿಯೂ ಮರವೂ ಒಟ್ಟಿಗೇ ಬೆಳೆದರು. ಗೌರಿಯನ್ನು ಆನೇಕಲ್ಲಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಸೊಣ್ಣಮ್ಮ ಮನಸ್ಸಿನ ಮಾತು ಆಡುತ್ತಿದ್ದದ್ದು ಈ ಮರದ ಹತ್ತಿರವೇ. ನಗಬೇಡಿ. ನೀವು ಹಸುವಿನ ಹತ್ತಿರ ಮಾತಾಡುವುದಿಲ್ಲವೇ? ಬೇಸಿಗೆ ಬಂತೆಂದರೆ ಅವಳು ಹಣ್ಣನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು, ಜಯನಗರದ ಮನೆಮನೆಗೆ ಹೋಗುತ್ತಿದ್ದಳು. "ಸೊಣ್ಣಮ್ಮನ ಹಣ್ಣು" ಎಂದರೆ ಅಲ್ಲಿ ಬಾಗಿಲು ತಾನಾಗಿ ತೆರೆಯುತ್ತಿತ್ತು.

ಆ ಮರ ಮೂರು ವರ್ಷದಿಂದ ಮುನಿಸಿಕೊಂಡಿತ್ತು. ಗಂಡ ಬೋರಣ್ಣ ಒಂದು ದಿನ ಮುದ್ದೆ ಉಣ್ಣುತ್ತಾ ಹೇಳಿಯೇಬಿಟ್ಟ.

"ನೋಡಮ್ಮಿ, ಈ ಮರ ಆಗಾಕಿಲ್ಲ. ಅದರ ನೆರಳಲ್ಲಿ ರಾಗೀನೂ ಏಳ್ತಿಲ್ಲ. ಭೀಮನ ಅಮಾಸೆ ಕಳೀಲಿ, ಕಡಿಸಿಬಿಡ್ತೀನಿ. ಇಟ್ಟಿಗೆ ಗೂಡಿನೋರು ಸೌದೆ ಸೌದೆ ಅಂತ ಬಡ್ಕೊಂತಾವ್ರೆ."

ಜಯನಗರದಲ್ಲಿ ಆಗ ಎಲ್ಲಿ ನೋಡಿದರೂ ಹೊಸ ಮನೆ ಏಳುತ್ತಿತ್ತು. ಇಟ್ಟಿಗೆ ಸುಡುವ ಗೂಡುಗಳಿಗೆ ಎಷ್ಟು ಸೌದೆ ಹಾಕಿದರೂ ಸಾಲುತ್ತಿರಲಿಲ್ಲ. ಸೊಣ್ಣಮ್ಮನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

"ಗೌರಿ ಅಪ್ಪಾ, ಇದೊಂದು ಸಲ ಬಿಡು. ಬದನಿಕೆ ಎಲ್ಲ ಚೆನ್ನಾಗಿ ಕೆರೆದು ಹಾಕ್ತೀನಿ. ಮರ ಸುಧಾರಿಸ್ತದೆ."

"ಮೂರು ವರ್ಷದಿಂದ ಕೆರೀತಾನೇ ಇದ್ದೀಯಲ್ಲ!" ಎಂದ ಬೋರಣ್ಣ, ಕೈತೊಳೆದು ಹೊಲಕ್ಕೆ ಹೋದ.

ಅವನು ಹೇಳಿದ್ದು ಸುಳ್ಳಲ್ಲ. ಆ ಊರಿನಲ್ಲಿ ಒಂದು ಪದ್ಧತಿ. ಕಾಯಿ ಇಳಿಸಿದ ಮೇಲೆ ಮರಕ್ಕೆ ಕ್ಷೌರ ಎಂದು ಹೇಳಿ, ಕಾಂಡಕ್ಕೂ ಕವಲಿಗೂ ಏನೇನು ಅಂಟಿಕೊಂಡಿದೆಯೋ ಅದನ್ನೆಲ್ಲ ಮಚ್ಚಿನಿಂದ ಕೆರೆದುಹಾಕುವುದು. ಮುಖ್ಯವಾಗಿ ಅವರು ಬದನಿಕೆ ಎಂದು ಕರೆಯುತ್ತಿದ್ದ, ದಪ್ಪ ಎಲೆಯ ಒಂದು ಗಿಡ. ಅದರ ಬೆಳ್ಳನೆ ಬೇರುಗಳು ತೊಗಟೆಯ ಮೇಲೆ ಹರಿದಾಡಿರುತ್ತಿದ್ದವು. ನೋಡಿದವರಿಗೆ ಇದೇ ಮರವನ್ನು ತಿನ್ನುತ್ತಿದೆ ಅನ್ನಿಸುತ್ತಿತ್ತು. ಆದರೆ ಮರದ ನೆತ್ತಿಯಲ್ಲಿ, ಬಿಸಿಲು ಬೀಳುವ ಕಡೆ, ಸಂಕ್ರಾಂತಿ ಹೊತ್ತಿಗೆ ಕೆಂಪು ಹೂ ಬಿಡುವ ದಟ್ಟ ಪೊದೆಗಳಿದ್ದವು. ಕೆಳಗೆ ನಿಂತು ನೋಡಿದರೆ ಎಲೆ ಮಾವಿನೆಲೆಯ ಹಾಗೇ. ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. "ಮರ ತಾನೇ ಮುಡಿದುಕೊಂಡ ಹೂವು, ಕತ್ತಿ ತಾಕಿಸಬಾರದು" ಎಂದು ಸೊಣ್ಣಮ್ಮನ ಅತ್ತೆ ಸಾಯುವವರೆಗೂ ಹೇಳುತ್ತಿದ್ದರು. ಪ್ರತಿ ಸಂಕ್ರಾಂತಿಗೆ ಅದರದೊಂದು ಚಿಗುರನ್ನು ರಾಗಿಯ ರಾಶಿಯ ಮೇಲೆ ಇಟ್ಟು ಪೂಜೆ ಮಾಡುವುದು ಆ ಮನೆಯ ರೂಢಿ.

ಗಂಡ ಅತ್ತ ಹೋದದ್ದೇ, ಸೊಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಬಂದಳು. ಹೋದ ವರ್ಷ ಕೈಗೆಟುಕದೆ ಉಳಿದಿದ್ದ ಆ ದಪ್ಪ ಎಲೆಯ ಒಂದೇ ಒಂದು ಗಿಡ ಎರಡನೇ ಕವಲಿನಲ್ಲಿತ್ತು. ಕಾಯಿ ಕೀಳುವ ದೋಟಿ, ಅಂದರೆ ತುದಿಗೆ ಕೊಕ್ಕೆ ಕಟ್ಟಿದ ಗಳ, ತಂದು ಆ ಗಿಡಕ್ಕೆ ಸಿಕ್ಕಿಸಿದಳು.

"ನಿನ್ನಿಂದ ತಾನೇ ನನ್ನ ಮರ ಹೋಗ್ತಿರೋದು? ಬಾ ಕೆಳೀಕೆ!" ಎಂದು ಜಗ್ಗಿದಳು. ಅರ್ಧ ಬೇರು ಕಿತ್ತು ಗಿಡ ವಾಲಿತು.

"ಅಯ್ಯೋ ಸೊಣ್ಣಮ್ಮ! ನಿಲ್ಲಿಸು, ನಿಲ್ಲಿಸು!"

ಬೇಲಿಯ ಹತ್ತಿರ ಛತ್ರಿ ಹಿಡಿದು ನಿಂತಿದ್ದವರು ಸತ್ಯಭಾಮಾ. ಜಯನಗರದವರು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಟೀಚರು. ಹನ್ನೆರಡು ವರ್ಷದಿಂದ ಸೊಣ್ಣಮ್ಮನ ಹಣ್ಣಿಗೆ ಗಿರಾಕಿ. ಈ ಬೇಸಿಗೆ ಸೊಣ್ಣಮ್ಮನ ಸುಳಿವೇ ಇಲ್ಲ, ಹುಷಾರಿಲ್ಲವೇನೋ ಎಂದು ನೋಡಲು ನಡೆದುಕೊಂಡೇ ಬಂದಿದ್ದರು.

"ಏನ್ ಟೀಚರಮ್ಮ, ಹಾವೇನಾದ್ರೂ ಕಂಡ್ರಾ?" ಸೊಣ್ಣಮ್ಮ ಗಾಬರಿಯಿಂದ ಹಿಂದೆ ಸರಿದಳು.

"ಹಾವಲ್ಲ ಕಣಮ್ಮ, ಹೂವು! ಮೇಲೆ ನೋಡು."

ಎಲೆಗಳ ಸಂದಿಯಿಂದ ಒಂದು ಗೇಣು ಉದ್ದದ ದಂಟು ಹೊರಟಿತ್ತು. ಅದರಲ್ಲಿ ಏಳು ಹೂವು. ಹಳದಿ ಎಸಳಿನ ಮೇಲೆ ಕಂದು ಗೆರೆಗಳ ಚೌಕಳಿ, ಎಸಳಿನ ಬೆನ್ನು ಬಿಳಿ, ನಡುವೆ ನಾಲಿಗೆ ಚಾಚಿದಂತೆ ಒಂದು ನೇರಳೆ ಎಸಳು. ಗಾಳಿ ಇತ್ತ ಬೀಸಿದಾಗ ಸಣ್ಣಗೆ ಸಿಹಿಯಾದ ವಾಸನೆ ಬಂತು. ಇಷ್ಟು ವರ್ಷ ಕೆರೆದು ಕೆರೆದು ಎಸೆದ ಗಿಡ ಹೂ ಬಿಡುತ್ತದೆ ಎಂದು ಸೊಣ್ಣಮ್ಮ ಒಂದು ದಿನವೂ ನೋಡಿರಲಿಲ್ಲ.

"ಮಲೆನಾಡಿನ ಕಡೆ ಮರದ ಮೇಲೆ ಬೆಳೆಯೋ ಇಂಥ ಹೂವಿಗೆ ಸೀತಾಳೆ ಅಂತಾರೆ" ಎಂದರು ಸತ್ಯಭಾಮಾ. "ಪುಸ್ತಕದಲ್ಲಿ ಆರ್ಕಿಡ್. ಇದು ನಮ್ಮ ಬಯಲುಸೀಮೆಯದೇ ಜಾತಿ. ಎಲ್ಲಿಂದಲೋ ಬಂದಿದ್ದಲ್ಲ. ಮೊದಲು ಈ ತೋಪುಗಳಲ್ಲೆಲ್ಲ ಇತ್ತು. ಈಚೆಗೆ ನಾನು ಹುಡುಕಿಕೊಂಡು ಅಲೆದರೂ ಸಿಕ್ಕಿರಲಿಲ್ಲ."

"ಹೂ ಚೆಂದಾಗೈತೆ, ಇಲ್ಲ ಅನ್ನಕಿಲ್ಲ. ಆದ್ರೆ ನನ್ನ ಮರ ತಿಂತಾ ಐತಲ್ಲಮ್ಮ! ಭೀಮನ ಅಮಾಸೆಗೆ ನಮ್ಮೆಜಮಾನ್ರು ಕಡಿಸ್ತಾರಂತೆ." ಹೇಳುತ್ತಲೇ ಸೊಣ್ಣಮ್ಮ ಮರದ ಕಾಂಡದ ಮೇಲೆ ಕೈಯಿಟ್ಟಳು.

"ಇದು ತಿನ್ನಲ್ಲ."

"ಬೇರು ಬಿಟ್ಟೈತೆ, ತಿನ್ನಾಕಿಲ್ಲ ಅಂದ್ರೆ ಹೆಂಗೆ? ನೀವು ಓದಿದೋರು, ಸರಿ. ನಾನು ಮಣ್ಣಲ್ಲಿ ಹುಟ್ಟಿದೋಳು. ಬೇರು ಇರೋದೇ ತಿನ್ನಕ್ಕೆ."

ಸತ್ಯಭಾಮಾ ವಾದಕ್ಕಿಳಿಯಲಿಲ್ಲ. "ಒಂದು ಚೊಂಬು ನೀರು ತಾ. ಏಣಿಯೂ ತಾ" ಎಂದರು. ಏಣಿ ಬಂತು. ಟೀಚರಮ್ಮ ಸೀರೆ ಎತ್ತಿ ಕಟ್ಟಿ ಹತ್ತಿಯೇ ಬಿಟ್ಟರು! ಸೊಣ್ಣಮ್ಮನಿಗೆ ನಗು ಬಂದರೂ ತಡೆದುಕೊಂಡು ಹಿಂದೆ ಹತ್ತಿದಳು.

"ಈ ಬಿಳಿ ಬೇರಿನ ಮೇಲೆ ನೀನೇ ನೀರು ಹಾಕು."

ಸೊಣ್ಣಮ್ಮ ಹಾಕಿದಳು. ಸುಣ್ಣದಂತಿದ್ದ ಬೇರು ಅವಳ ಕಣ್ಣೆದುರಿಗೇ ಹಸಿರಾಯಿತು.

"ಅಗಳಗಳಾ! ಇದೇನಮ್ಮ ಇದು?"

"ಆ ಬಿಳಿಯದು ಬೇರಿನ ಅಂಗಿ. ಮಳೆ ಬಿದ್ದರೆ, ಇಬ್ಬನಿ ಬಿದ್ದರೆ ಹೀರಿಕೊಳ್ಳತ್ತೆ. ಅದೇ ಇದರ ನೀರು. ತೊಗಟೆ ಮೇಲಿನ ಧೂಳು, ಕೊಳೆತ ಎಲೆ, ಅದೇ ಗೊಬ್ಬರ. ಎಲೆ ಹಸಿರಾಗಿದೆ ನೋಡು, ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡ್ಕೊಳ್ಳತ್ತೆ. ಈಗ ನೀನು ಕಿತ್ತ ಜಾಗ ಮುಟ್ಟಿ ನೋಡು. ತೊಗಟೆಗೆ ತೂತು ಬಿದ್ದಿದೆಯಾ?"

ಸೊಣ್ಣಮ್ಮ ಬೆರಳಾಡಿಸಿದಳು. ತೊಗಟೆ ಗಟ್ಟಿಯಾಗಿ, ಇಡಿಯಾಗಿ ಇತ್ತು. ಗೀರೂ ಇರಲಿಲ್ಲ.

"ಹೆಗಲ ಮೇಲೆ ಕೂತ ಮಗು ಬೀಳದ ಹಾಗೆ ಅಪ್ಪನ ಕೂದಲು ಹಿಡ್ಕೊಳ್ಳಲ್ವಾ? ಇದೂ ಹಾಗೇ ಹಿಡ್ಕೊಂಡಿದೆ, ಅಷ್ಟೇ."

ಆದರೆ ಸೊಣ್ಣಮ್ಮನ ಸಂಕಟ ಅಲ್ಲಿಗೆ ಮುಗಿಯಬೇಕಲ್ಲ. "ಹಂಗಾದ್ರೆ ನನ್ನ ಮರ ತಿಂತಿರೋರು ಯಾರು?" ಎಂದು ಕೇಳಿದಳು.

ಸತ್ಯಭಾಮಾ ನೆತ್ತಿಯ ಕಡೆ ಕೈ ತೋರಿಸಿದರು. "ಅದು. ನಿಜವಾದ ಬದನಿಕೆ ಅದೇ."

"ಅದಾ? ಅದು ಮರದ್ದೇ ಮುಡಿ ಕಣಮ್ಮ. ಸಂಕ್ರಾಂತಿಗೆ ಪೂಜೆ ಮಾಡ್ತೀವಿ."

"ಸೊಣ್ಣಮ್ಮ, ಮಾವಿನ ಹೂ ಹೇಗಿರತ್ತೆ?"

"ಸಣ್ಣದಾಗಿ, ಹಳದಿ ಬಣ್ಣ, ಗೊಂಚಲು ಗೊಂಚಲು."

"ಇದು?"

"ಕೆಂಪು. ಉದ್ದ. ಕೊಳವೆ ಥರ..." ಸೊಣ್ಣಮ್ಮ ನೆತ್ತಿಯ ಪೊದೆಯನ್ನು ಮತ್ತೊಮ್ಮೆ ನೋಡಿದಳು. ಇಪ್ಪತ್ತೈದು ವರ್ಷ ನೋಡಿದ ಮರ. ಒಂದೇ ಮರ ಎರಡು ಥರ ಹೂ ಬಿಡುವುದು ಹೇಗೆ ಎಂದು ಇವತ್ತಿನವರೆಗೆ ಕೇಳಿಕೊಂಡಿರಲಿಲ್ಲ.

"ಅದು ತನ್ನ ಬೇರನ್ನ ಕೊಂಬೆಯ ಒಳಗೇ ಇಳಿಸತ್ತೆ" ಎಂದರು ಸತ್ಯಭಾಮಾ ಮೆಲ್ಲಗೆ. "ಮರ ಮೇಲಕ್ಕೆ ಕಳಿಸೋ ನೀರನ್ನ ದಾರಿಯಲ್ಲೇ ಕಸಿದುಕೊಳ್ಳತ್ತೆ. ಹಣ್ಣು ತಿಂದ ಪುಟ್ಟ ಹಕ್ಕಿ ಅಂಟಂಟು ಬೀಜನ ಇನ್ನೊಂದು ಕೊಂಬೆಗೆ ಒರೆಸತ್ತೆ, ಅಲ್ಲೂ ಹುಟ್ಟತ್ತೆ. ಹಕ್ಕಿಯದೇನೂ ತಪ್ಪಿಲ್ಲ. ನಾವು ನೋಡ್ಕೋಬೇಕಿತ್ತು."

ಸೊಣ್ಣಮ್ಮ ಏಣಿಯಿಂದಿಳಿದು ಬುಡದಲ್ಲಿ ಕುಳಿತುಬಿಟ್ಟಳು. ಅತ್ತೆಯ ಮಾತು ತಪ್ಪೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಮರ ಸಾಯಲಿ ಎನ್ನಲೂ ಆಗಲಿಲ್ಲ. ಕಣ್ಣೀರು ತಾನಾಗಿ ಇಳಿಯಿತು.

"ಪೂಜೆ ಮಾಡಿ ಮಾಡಿ ನಾನೇ ಸಾಯಿಸ್ತಾ ಇದ್ದೆನಾ ಟೀಚರಮ್ಮ?"

ಸತ್ಯಭಾಮಾ ತಾವೂ ಇಳಿದು ಅವಳ ಪಕ್ಕದಲ್ಲೇ ಕುಳಿತರು. "ಮರ ಚೆನ್ನಾಗಿರಲಿ ಅಂತ ತಾನೇ ನಿಮ್ಮತ್ತೆ ಅಂದಿದ್ದು? ಆ ಆಸೆ ತಪ್ಪಲ್ಲ. ಗೊತ್ತಿರಲಿಲ್ಲ, ಅಷ್ಟೇ. ನನ್ನ ಕಥೆ ಹೇಳ್ತೀನಿ ಕೇಳು. ಆರು ವರ್ಷದ ಹಿಂದೆ ಸಾರಕ್ಕಿ ತೋಪಲ್ಲಿ ಇಂಥದೇ ಗಿಡ ನೋಡಿ ಆಸೆಪಟ್ಟು ಕಿತ್ತು ಮನೆಗೆ ತಂದೆ. ಕುಂಡಕ್ಕೆ ಮಣ್ಣು ತುಂಬಿ, ಸೆಗಣಿ ಗೊಬ್ಬರ ಹಾಕಿ, ದಿನಾ ನೀರು ಹಾಕಿದೆ. ಒಂದು ತಿಂಗಳಿಗೆ ಬೇರು ಕೊಳೆತು ಸತ್ತೇಹೋಯ್ತು. ಗಾಳಿಯಲ್ಲಿ ಉಸಿರಾಡೋ ಬೇರನ್ನ ಮಣ್ಣಲ್ಲಿ ಹೂತಿದ್ದೆ. ನಾನು ಪಾಠ ಹೇಳೋಳು! ಈಗ್ಲೂ ನೆನೆಸಿಕೊಂಡ್ರೆ ನಾಚಿಕೆಯಾಗತ್ತೆ."

ಸಂಜೆ ಬೋರಣ್ಣ ಬಂದ. ಹೆಂಡತಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಅಲ್ಲೇ ಉಳಿದಿದ್ದ ಟೀಚರಮ್ಮನಿಗೆ ನಮಸ್ಕಾರ ಮಾಡಿ, ತಲೆ ಕೆರೆದುಕೊಂಡ.

"ಅಮ್ಮಾ, ನೀವು ಹೇಳಿದ್ದಕ್ಕೆ ಎದುರಾಡ್ತೀನಿ ಅಂದ್ಕೋಬೇಡಿ. ಹೂವಿನ ಮೇಲಿನ ಆಸೆಗೆ ಹೇಳ್ತಿದ್ದೀರೇನೋ ಅಂತ."

"ನನ್ನ ಮಾತು ನಂಬಬೇಡಿ ಬೋರಣ್ಣ. ಒಂದು ಕೊಂಬೆ ಕತ್ತರಿಸಿ ನೀವೇ ನೋಡಿ."

ಬೋರಣ್ಣ ಮಚ್ಚು ಸಿಕ್ಕಿಸಿಕೊಂಡು ನೆತ್ತಿಗೆ ಹತ್ತಿದ. ಆಮೇಲೆ ಕಟಕಟ ಎಂದು ಕಡಿದು, ಕೊಂಬೆ ಹಿಡಿದುಕೊಂಡೇ ಇಳಿದ. ಮುಖದ ಬಣ್ಣವೇ ಬೇರೆಯಾಗಿತ್ತು. ಕೆಂಪು ಹೂವಿನ ಗಿಡ ಕೂತ ಕಡೆ ಮಾವಿನ ಕೊಂಬೆ ಮೊಣಕಾಲಿನ ಹಾಗೆ ಊದಿಕೊಂಡಿತ್ತು. ಆ ಗಂಟನ್ನು ಸೀಳಿದ. ಆ ಗಿಡದ ಬೇರು ಮಾವಿನ ಮೈಯೊಳಗೆ ಬೆಣೆ ಬಡಿದಂತೆ ಇಳಿದಿತ್ತು. ಗಂಟಿನಿಂದಾಚೆಗೆ ಮಾವಿನ ಕೊಂಬೆ ಒಣಗಿ ಲಟಕ್ಕನೆ ಮುರಿಯಿತು.

"ಥೂ ಇದರ! ಇಂಥವು ಮೇಲೆ ಹನ್ನೊಂದು ಔವೆ ಕಣೇ" ಎಂದ.

"ಗಂಟಿನಿಂದ ಒಂದು ಗೇಣು ಈಚೆಗೆ, ಕಾಂಡದ ಕಡೆ, ಚೆನ್ನಾಗಿರೋ ಕೊಂಬೆಯಲ್ಲೇ ಕತ್ತರಿಸಿ" ಎಂದರು ಸತ್ಯಭಾಮಾ. "ಬರೀ ಎಲೆ ಸವರಿದರೆ ಒಳಗಿನ ಬೇರು ಮತ್ತೆ ಚಿಗುರತ್ತೆ. ಅದು ಹಣ್ಣಾಗೋ ಮುಂಚೆ ತೆಗೆದರೆ ಇನ್ನೂ ಒಳ್ಳೇದು."

ಮಚ್ಚು ಎತ್ತುವ ಮುಂಚೆ ಬೋರಣ್ಣ ಹೆಂಡತಿಯ ಮುಖ ನೋಡಿದ. ಅವನ ಅವ್ವ ಹೇಳಿದ ಮಾತಲ್ಲವೇ? ಸೊಣ್ಣಮ್ಮ ಮರಕ್ಕೆ ಕೈಮುಗಿದು, "ಅತ್ತೆಮ್ಮ, ನಿಮ್ಮ ಮರ ಉಳೀಲಿ ಅಂತಲೇ ಮಾಡ್ತಿರೋದು" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಕಡಿ" ಎಂದಳು. ಬೆಳಕು ಇರುವಷ್ಟು ಹೊತ್ತು ಕಡಿದ, ಉಳಿದದ್ದನ್ನು ಮಾರನೆಯ ದಿನ ಮುಗಿಸಿದ.

ಇನ್ನು ಅರ್ಧ ಕಿತ್ತ ಸೀತಾಳೆ. "ಟೀಚರಮ್ಮ, ನೀವು ಇಷ್ಟು ಹುಡುಕಿದ್ರಿ. ತಗೊಂಡ್ಹೋಗಿ, ಈ ಸಲ ಮಣ್ಣಿಗೆ ಹಾಕದೆ ಸಾಕಿ" ಎಂದಳು ಸೊಣ್ಣಮ್ಮ.

ಸತ್ಯಭಾಮಾ ಮೇಲಿನ ಹೂವನ್ನೊಮ್ಮೆ ನೋಡಿದರು. ಆಸೆ ಯಾರನ್ನು ಬಿಡುತ್ತದೆ ಹೇಳಿ? ಆಮೇಲೆ ತಲೆಯಾಡಿಸಿದರು.

"ಬೇಡ. ಇದರ ಒಂದು ಕಾಯೊಳಗೆ ಲಕ್ಷಗಟ್ಟಲೆ ಬೀಜ ಇರತ್ತೆ, ಹಿಟ್ಟಿನ ಹಾಗೆ. ಬೇರೆ ಗಿಡದ ತಾಯಿ ಬೀಜಕ್ಕೆ ಬುತ್ತಿ ಕಟ್ಟಿ ಕಳಿಸ್ತಾಳೆ. ಇದಕ್ಕೆ ಬುತ್ತಿಯೇ ಇಲ್ಲ. ಗಾಳಿಯಲ್ಲಿ ಹಾರಿ, ಯಾವುದೋ ತೊಗಟೆ ಮೇಲೆ ಕೂತು, ಅಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಬೂಸ್ಟು ಊಟ ಕೊಟ್ರೆ ಮಾತ್ರ ಮೊಳಕೆ. ಲಕ್ಷಕ್ಕೆ ಒಂದೋ ಎರಡೋ ಬದುಕಿದ್ರೆ ಹೆಚ್ಚು. ಬದುಕಿದ್ದು ಹೂ ಬಿಡಕ್ಕೆ ಮತ್ತೆ ಎಷ್ಟೋ ವರ್ಷ. ನನ್ನ ಮನೆ ವರಾಂಡದಲ್ಲಿ ಇಟ್ರೆ ನಾನೊಬ್ಬಳೇ ನೋಡ್ತೀನಿ. ಇಲ್ಲಿದ್ರೆ ಮಕ್ಕಳು ಮರಿ ಮಾಡತ್ತೆ."

ಮೂವರೂ ಸೇರಿ ಬಾಳೆ ನಾರಿನಿಂದ ಗಿಡವನ್ನು ಅದೇ ಕವಲಿಗೆ ಕಟ್ಟಿದರು. ಬಿಗಿಯಾಗಿ ಅಲ್ಲ, ಗಾಳಿ ಆಡುವ ಹಾಗೆ. ಮಣ್ಣಿಲ್ಲ, ಸೆಗಣಿಯಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೊಸ ಬೇರು ತೊಗಟೆಯನ್ನು ಹಿಡಿದುಕೊಂಡಿತು, ನಾರು ತಾನಾಗಿ ಕೊಳೆತು ಉದುರಿತು.

"ಒಂದು ಮಳೆಗಾಲ, ಎರಡು ಬೇಸಿಗೆ ನೋಡ್ತೀನಿ" ಎಂದು ಬೋರಣ್ಣ ಗಡುವು ಕೊಟ್ಟ. ಭೀಮನ ಅಮಾವಾಸ್ಯೆ ಬಂತು, ಹೋಯಿತು. ಗೂಡಿನವರು ಗಾಡಿ ಹೊಡೆದುಕೊಂಡು ಬಂದರೆ, "ಈಗಿಲ್ಲ, ಹೋಗ್ರಯ್ಯ" ಎಂದು ಕಳಿಸಿದ.

ಮೊದಲ ಬೇಸಿಗೆ ಎರಡು ಮಂಕರಿ ಕಾಯಿ ಬಂತು. ಹೆಚ್ಚೇನಲ್ಲ. ಆದರೆ ಸೊಣ್ಣಮ್ಮನಿಗೆ ಅಷ್ಟೇ ಸಾಕಾಗಿತ್ತು, ಮೊದಲ ಹಣ್ಣನ್ನು ಜಯನಗರಕ್ಕೆ ಹೊತ್ತು ಟೀಚರಮ್ಮನ ಕೈಗಿಟ್ಟು ಬಂದಳು. ಎರಡನೇ ಬೇಸಿಗೆ ಮರ ಮೊದಲಿನಂತಾಯಿತು. ಕೊಂಬೆಗಳಿಗೆ ಊರೆಗೋಲು ಕೊಡಬೇಕಾಯಿತು. ಅತ್ತ ಕವಲಿನಲ್ಲಿ ಸೀತಾಳೆ ಎರಡು ದಂಟು ಹೂ ಬಿಟ್ಟಿತು. ಹೂ ಎರಡು ಮೂರು ವಾರ ಬಾಡದೆ ಇರುತ್ತಿತ್ತು. ಗೌರಿ ಆನೇಕಲ್ಲಿನಿಂದ ಬಂದವಳು ಮರದ ಕೆಳಗೆ ನಿಂತು, "ಅವ್ವಾ, ಇದು ನಾನಿದ್ದಾಗ್ಲೂ ಇತ್ತಾ?" ಎಂದು ಕೇಳಿದಳು.

ಕಾಯಿ ಇಳಿಸುವ ದಿನ ನೆರೆಮನೆಯ ರಾಮಯ್ಯ ಬೇಲಿ ಹಾರಿ ಬಂದ. ಬೋರಣ್ಣನ ಓರಗೆಯವನು. ಬೋರಣ್ಣ ಅವನಿಗೆ ಎಲ್ಲವನ್ನೂ ವಿವರಿಸಿ, ಜಗಲಿಯ ಮೂಲೆಯಲ್ಲಿಟ್ಟಿದ್ದ ಸೀಳಿದ ಗಂಟನ್ನು ಕೈಗೆ ಕೊಟ್ಟ. ರಾಮಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದೇ ಕೆಂಪು ಹೂ ನಮ್ಮ ಮರದಲ್ಲೂ ಇತ್ತಲ್ಲೋ ಬೋರಣ್ಣ" ಎಂದ ಕೊನೆಗೆ.

ರಾಮಯ್ಯನ ಮರ ಮೂರು ವರ್ಷದ ಹಿಂದೆಯೇ ಗೂಡಿಗೆ ಹೋಗಿತ್ತು. ಅದೂ ಹೀಗೇ ಕಾಯಿ ಬಿಡುವುದನ್ನು ನಿಲ್ಲಿಸಿತ್ತು. ಅದರ ಕವಲು ಕವಲಿಗೂ ದಪ್ಪ ಎಲೆಯ ಗಿಡಗಳಿದ್ದವು. ಅವೂ ಮರದ ಜೊತೆಗೇ ಬೆಂಕಿಗೆ ಹೋಗಿದ್ದವು.

"ನಮ್ಮಪ್ಪ ನೆಟ್ಟಿದ್ದು" ಎಂದ ರಾಮಯ್ಯ. "ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ..."

ಸೊಣ್ಣಮ್ಮ ಒಳಗೆ ಹೋಗಿ ಒಳ್ಳೆಯ ಎರಡು ಹಣ್ಣು ಆರಿಸಿ ತಂದು ಅವನ ಕೈಗಿಟ್ಟಳು. "ತಿಂದು ಓಟೆ ಹಾಕಣ್ಣ. ಮಳೆ ಬರ್ತದೆ. ಮರ ಆದ್ಮೇಲೆ ನಮ್ಮ ಸೀತಾಳೆ ಬೀಜ ನಿಮ್ಮ ಮರಕ್ಕೂ ಹಾರಿ ಬರಬಹುದು." ರಾಮಯ್ಯ ಹಣ್ಣನ್ನು ಪಂಚೆಯ ಸೆರಗಿಗೆ ಕಟ್ಟಿಕೊಂಡ. ಆ ಮಳೆಗಾಲದಲ್ಲೇ ಓಟೆ ಮೊಳೆಯಿತು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ನಾಳೆ ಬೆಳಿಗ್ಗೆ ಹಿತ್ತಲಿಗೆ ಹೋಗಿ ಮರದ ಮೇಲೆ ನೋಡಿ. ದಪ್ಪ ಎಲೆ, ತೊಗಟೆಯ ಮೇಲೆ ಬಿಳಿ ಬೇರು, ನೀರು ತಾಗಿದರೆ ಹಸಿರಾಗುತ್ತದೆಯೇ? ಅದು ಸೀತಾಳೆ. ಕೆರೆಯಬೇಡಿ, ಕೀಳಬೇಡಿ, ಚೆಂದ ಕಂಡಿತೆಂದು ಕುಂಡಕ್ಕೂ ತರಬೇಡಿ. ಕೊಂಬೆಯಲ್ಲಿ ಗಂಟು, ಮರದ್ದಲ್ಲದ ಹೂವು, ಗಂಟಿನಾಚೆಗೆ ಒಣಗಿದ ರೆಂಬೆ ಕಂಡರೆ ಅದು ಮರವನ್ನು ತಿನ್ನುವ ಗಿಡ. ಗಂಟಿನಿಂದ ಒಂದು ಗೇಣು ಈಚೆಗೆ, ಕಾಂಡದ ಕಡೆ, ಕತ್ತರಿಸಿ. ಅನುಮಾನವಿದ್ದರೆ ಗೊತ್ತಿದ್ದವರನ್ನು ಕರೆದು ತೋರಿಸಿ, ಆಮೇಲೆ ಮಚ್ಚು ಎತ್ತಿ.

ರಾಮಯ್ಯನಿಗೆ ಆ ಒಂದು ಮಾತು ಹೇಳುವವರು ಇರಲಿಲ್ಲ. ನಿಮಗೆ ಹೇಳಿದ್ದೇವೆ. ನಿಮ್ಮ ನೆರೆಯವರಿಗೆ ನೀವು ಹೇಳಿ.